ರೂರಾ ಅಜ್ಜಿಯ ತಟ್ಟೆ

ಲಿಂತಿನ್ ಹೆಣವಾಗಿ ಬಿದ್ದಿದ್ದನ್ನು ಮೊದಲು ಕಂಡವಳು ಪಾರೆ. ಅವಳ ಪಾಲಿಗೆ ಅದೇ ದೊಡ್ಡ ತಪ್ಪಾಯಿತು.

ಮಧ್ಯಾಹ್ನ ಮೂರರ ಹೊತ್ತಿಗೆ ಅವಳು ಮನೆಯ ಏಣಿ ಹತ್ತಿ ಒಳಗೆ ಹೋದಳು. ಎದುರಿನ ಕಣಜದ ಕೆಳಗಿನ ಜಗಲಿಯಲ್ಲಿ ನಾವು ನಾಲ್ವರು ಕೂತಿದ್ದೆವು. ಹೋದ ಹಾಗೆಯೇ ಅವಳು ಹೊರಗೆ ಬಂದು, ಏಣಿಯ ಮೇಲಿನ ಮೆಟ್ಟಿಲಿನಲ್ಲಿ ಕುಸಿದು ಕೂತು, "ಲಿಂತಿನ್ ಏಳ್ತಾ ಇಲ್ಲ, ತಲೆ ಒಡೆದಿದೆ" ಎಂದಳು. ಕೂಗಲಿಲ್ಲ. ಕೂಗಿದ್ದರೆ ಒಳ್ಳೆಯದಿತ್ತೋ ಏನೋ, ಆಮೇಲೆ ಅದನ್ನೂ ಅವಳ ಮೇಲೆ ಹೊರಿಸಿದರು.

ನನ್ನ ಹೆಸರು ಡುಮಾ. ಬೆಟ್ಟದ ಹಳ್ಳಿಗಳಿಗೂ ಸಂತೆಪೇಟೆಗೂ ನಡುವೆ ಜೀಪು ಓಡಿಸುವವನು. ಲೆಬಾಂಗ್ ತಾತ ಎಲ್ಲಿಗೆ ಹೋದರೂ ನನ್ನ ಜೀಪಿನಲ್ಲೇ ಹೋಗಬೇಕು, ಏಕೆಂದರೆ ಬೇರೆ ಯಾರೂ ಅವನ ಪಕ್ಕದಲ್ಲಿ ಕೂರುವುದಿಲ್ಲ. ತಾತ ಹೆಣ ಸುತ್ತುವವನು. ಸತ್ತವರ ಮೈಗೆ ಬಟ್ಟೆಯ ಮೇಲೆ ಬಟ್ಟೆ ಸುತ್ತಿ ಹೊಲಿಯುವುದು ಅವನ ಕಸುಬು. ಅವನಿಗೆ ಕುಡಿಯಲು ಬೇರೆಯೇ ತೆಂಗಿನ ಚಿಪ್ಪು, ಕೂರಲು ಬೇರೆಯೇ ಚಾಪೆ. ಆದರೆ ಐವತ್ತು ವರ್ಷ ಹೆಣಗಳ ಜೊತೆ ಬಾಳಿದವನಿಗೆ ಯಾವ ಹೆಣ ತಾನಾಗಿ ಆದದ್ದು, ಯಾವುದು ಮಾಡಿದ್ದು ಎಂಬುದು ಗೊತ್ತಾಗುತ್ತಿತ್ತು. ಪೇಟೆಯ ಪೊಲೀಸರು ಮೂರು ಸಲ ಗುಟ್ಟಾಗಿ ಅವನ ಮನೆಗೆ ಬಂದು ಕೇಳಿಕೊಂಡು ಹೋಗಿದ್ದಾರೆ. ಮೂರು ಸಲವೂ ಅವರಿಗೆ ಬಡ್ತಿ ಸಿಕ್ಕಿದೆ, ತಾತನಿಗೆ ಅದೇ ಚಿಪ್ಪು.

ಅಂದು ನಾವು ಹೋದದ್ದು ರೂರಾ ಅಜ್ಜಿಯನ್ನು ನೋಡಲು. ಅಜ್ಜಿಗೆ ಎರಡು ವರ್ಷದಿಂದ ಹುಷಾರಿರಲಿಲ್ಲ. ಅಂದರೆ ಉಸಿರು ನಿಂತು ಎರಡು ವರ್ಷವಾಗಿತ್ತು. ಕೋಣಗಳನ್ನು ಕಡಿದು, ಬಂಧುಬಳಗ ಸೇರಿ, ತಲೆಯನ್ನು ದಕ್ಷಿಣಕ್ಕೆ ತಿರುಗಿಸಿ ಮಲಗಿಸುವ ತನಕ ನಮ್ಮಲ್ಲಿ ಯಾರೂ ಸತ್ತವರಲ್ಲ, ಕಾಯಿಲೆಯವರು. ಹೊತ್ತು ಹೊತ್ತಿಗೆ ಅವರಿಗೆ ಅನ್ನ, ಕಾಫಿ, ಎಲೆಯಡಿಕೆ ಇಡಬೇಕು, ಮಾತಾಡಿಸಬೇಕು. ಹತ್ತು ದಿನದಲ್ಲಿ ದೊಡ್ಡ ಕಾರ್ಯವಿತ್ತು. ಅದಕ್ಕೆ ಮೊದಲು ಸುತ್ತಿದ ಬಟ್ಟೆ ಸರಿಯಾಗಿದೆಯೇ ಎಂದು ನೋಡಲು ತಾತನನ್ನು ಕರೆಸಿದ್ದರು.

ಬೆಳಿಗ್ಗೆ ನನ್ನ ಜೀಪಿನಲ್ಲಿ ಇನ್ನೊಬ್ಬ ಬಂದಿದ್ದ: ಅಜ್ಜಿಯ ಹಿರಿಮಗ ಸಾಂಪೆ. ಹದಿನಾಲ್ಕು ವರ್ಷದ ಹಿಂದೆ ತಾಯಿಯೊಡನೆ ಜಗಳವಾಡಿ ಕಡಲಾಚೆಯ ಪಾಪುವಾಕ್ಕೆ ಹೋದವನು, ಗಣಿಯಲ್ಲಿ ಅಡುಗೆಯವನಾಗಿದ್ದನಂತೆ. ಕಾರ್ಯದ ಸುದ್ದಿ ಊರಿನವರ ಬಾಯಿಂದ ಕಿವಿಗೆ ಬಿದ್ದು ಬಂದಿದ್ದ. ಬಿದಿರಿನ ಗಳದಂಥ ಮನುಷ್ಯ. ದಾರಿಯುದ್ದಕ್ಕೂ ಅಡಿಕೆ ಹೋಳನ್ನು ಕಟಕಟ ಅಗಿಯುತ್ತ, ನನಗೂ ಎಲೆ ಮಡಿಸಿ ಕೊಡುತ್ತ, ಒಂದೇ ಪ್ರಶ್ನೆ ಕೇಳಿದ: "ಅಮ್ಮ ಕೊನೇಲಿ ನನ್ನ ಹೆಸರು ಹೇಳಿದ್ಲಾ, ನಿಮಗೇನಾದ್ರೂ ಗೊತ್ತಾ?" ನನಗೆ ಗೊತ್ತಿರಲಿಲ್ಲ.

ನಮ್ಮ ಹಿಂದೆ ಲಾರಿ ಬರುತ್ತಿತ್ತು. ಅದರಲ್ಲಿ ಕೋಣಗಳಿದ್ದವು, ಸಾಂಪೆ ತಂದಿದ್ದ ಹಂದಿಯೂ ಇತ್ತು. ನಾವು ದಾಟಿದ ಮೇಲೆ ಲಾರಿ ಕಣಿವೆಯ ಮರದ ಸೇತುವೆಗೆ ಬಂತು, ಸೇತುವೆ ಮುರಿಯಿತು. ಲಾರಿ ಹಿಂದಕ್ಕೆ ಸರಿದು ಉಳಿಯಿತು. ಈಚೆ ದಡದಲ್ಲಿ ಉಳಿದದ್ದು ಒಂದು ಗುಡ್ಡ, ಒಂದು ಮನೆ, ಮತ್ತು ನಾವು: ತಾತ, ನಾನು, ಸಾಂಪೆ, ಅವನ ತಮ್ಮ ಲಿಂತಿನ್, ತಂಗಿ ದಾತು, ದಾತುವಿನ ಗಂಡ ಬೊಂಗ್ಗಾ, ಮತ್ತು ಹುಡುಗಿಯಾಗಿದ್ದಾಗಿನಿಂದ ಆ ಮನೆಯಲ್ಲೇ ದುಡಿದು ಅರವತ್ತಾದ ಪಾರೆ.

ಒಂದು ನಿಜ ಹೇಳಿಬಿಡುತ್ತೇನೆ. ಸೇತುವೆ ಮುರಿದಾಗ ನನಗೆ ಒಳಗೊಳಗೇ ಖುಷಿಯಾಯಿತು. ನನ್ನ ಜೀಪಿನ ಸೀಟಿನ ಕೆಳಗೆ ಯಾವಾಗಲೂ ನಾಲ್ಕೈದು ಪತ್ತೇದಾರಿ ಪುಸ್ತಕಗಳಿರುತ್ತವೆ. ಅವುಗಳಲ್ಲಿ ನನಗೆ ಇಷ್ಟವಾದವು ಒಂದೇ ಮನೆಯಲ್ಲೋ ಹಡಗಿನಲ್ಲೋ ಎಲ್ಲರೂ ಸಿಕ್ಕಿಬೀಳುವ ಕತೆಗಳು. ಹೊರಗೆ ಹೋಗುವ ದಾರಿ ಇಲ್ಲ ಅಂದ ಕೂಡಲೇ ಓದುವವನ ಬೆನ್ನು ನೆಟ್ಟಗಾಗುತ್ತದೆ. ಕೊಂದವನು ಎಲ್ಲೋ ಕಾಡಿನಲ್ಲಿಲ್ಲ, ಉಪ್ಪು ಕೊಡಿ ಎಂದು ಪಕ್ಕದಲ್ಲಿ ಕೂತು ಕೇಳುತ್ತಿದ್ದಾನೆ! ತಾತ ಇದನ್ನು ಕೇಳಿ ನಗುತ್ತಿದ್ದ. "ನಿನಗೆ ಬಾಗಿಲು ಹಾಕಿದ ಮನೆ ಅಂದ್ರೆ ಆಸೆ, ಯಾಕಂದ್ರೆ ಪುಸ್ತಕ ಮುಚ್ಚಿ ನೀನು ಹೊರಗೆ ಬರ್ತೀಯ. ಒಳಗಿದ್ದೋರನ್ನ ಕೇಳು."

ಆ ದಿನ ನಾನು ಒಳಗಿದ್ದವನಾದೆ. ಪಾರೆಯ ಮಾತು ಕೇಳಿದ ಮೇಲೆ ಆ ಖುಷಿ ಎಲ್ಲಿ ಹೋಯಿತೋ ಗೊತ್ತಿಲ್ಲ.

ನಮ್ಮ ಮನೆಗಳು ಉದ್ದಕ್ಕೆ ಮೂರು ಕೋಣೆ. ನಡುವಿನದರಲ್ಲಿ ಒಲೆ, ಹೊರಬಾಗಿಲು. ಉತ್ತರದ ಕೋಣೆಯಲ್ಲಿ ಲಿಂತಿನ್ ಮಲಗುತ್ತಿದ್ದ. ದಕ್ಷಿಣದ ಕೋಣೆ ಅಜ್ಜಿಯದು. ಲಿಂತಿನ್ ಗೋಡೆಗೆ ಒರಗಿ ಕೂತಂತೆಯೇ ಸತ್ತಿದ್ದ. ಯಾರೋ ಅವನ ಮುಖದ ಮೇಲೆ ಹೊದಿಕೆ ಎಳೆದಿದ್ದರು. ಕಾಫಿ ಕುಟ್ಟುವ ಒನಕೆ ಪಕ್ಕದಲ್ಲಿ ಬಿದ್ದಿತ್ತು. ಕಾಲ ಬಳಿ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ, ಮುಚ್ಚಳ ತೆಗೆದದ್ದು, ಒಳಗೆ ಬಿಚ್ಚಿದ ಕೆಂಪು ದಾರ ಮತ್ತು ಅಂಚೆ ಚೀಟಿಯ ಒಂದು ಹರಿದ ಮೂಲೆ.

ತಾತ ಮಂಡಿಯೂರಿ ಕೂತು ಬಹಳ ಹೊತ್ತು ನೋಡಿದ. "ಒಂದೇ ಏಟು, ಎದುರಿನಿಂದ" ಎಂದ. "ಸತ್ತು ಒಂದೂವರೆ ಗಂಟೆ ಆಗಿರಬಹುದು, ಎರಡೂ ಆಗಿರಬಹುದು. ಅದಕ್ಕಿಂತ ಹೆಚ್ಚು ಹೇಳಿದ್ರೆ ಸುಳ್ಳಾಗುತ್ತೆ."

ಬೊಂಗ್ಗಾನಿಗೆ ಅಷ್ಟೇ ಸಾಕಾಗಿತ್ತು. ಅವನ ಲೆಕ್ಕ ಸುಲಭದ್ದು, ಮತ್ತು ಅದನ್ನು ನಾನೇ ಅಲ್ಲಗಳೆಯುವಂತಿರಲಿಲ್ಲ. ಮನೆಗೆ ಒಂದೇ ಏಣಿ, ಒಂದೇ ಬಾಗಿಲು. ಹನ್ನೆರಡರಿಂದ ನಾವು ನಾಲ್ವರೂ, ಅಂದರೆ ತಾತ, ನಾನು, ದಾತು, ಬೊಂಗ್ಗಾ, ಜಗಲಿ ಬಿಟ್ಟು ಏಳಲಿಲ್ಲ. ಊಟ ಮುಗಿದ ಕೂಡಲೇ ಪಾರೆ ಅಜ್ಜಿಯ ತಟ್ಟೆ ಹಿಡಿದು ಮೇಲೆ ಹೋದಳು. ಅವಳ ಹಿಂದೆಯೇ ಲಿಂತಿನ್ ಹೋದ. ಒಂದು ಗಂಟೆ ದಾಟಿದ ಮೇಲೆ ಪಾರೆ ಒಬ್ಬಳೇ ಇಳಿದು ಬಂದು ಪಾತ್ರೆ ತೊಳೆಯಲು ಕೂತಳು. ಮೂರಕ್ಕೆ ಮತ್ತೆ ಹತ್ತಿದಳು. ಬೇರೆ ನರಪಿಳ್ಳೆಯೂ ಏಣಿ ಮುಟ್ಟಲಿಲ್ಲ.

ಸಾಂಪೆಯಂತೂ ಮನೆಯ ಹತ್ತಿರವೂ ಹೋಗುವಂತಿರಲಿಲ್ಲ. ಇಷ್ಟು ವರ್ಷ ದೂರವಿದ್ದ ಮಗ ಹಂದಿ ಕೊಟ್ಟು, ಅಳುವವರ ಜೊತೆ ಅಳುತ್ತ ಒಳಗೆ ಹೋಗಬೇಕು. ಹಂದಿ ಸೇತುವೆಯ ಆಚೆ ಉಳಿದಿತ್ತು. ಕಾರ್ಯದ ಚಪ್ಪರಕ್ಕೆ ಬಿದಿರು ಕಡಿಯುತ್ತೇನೆಂದು ಅವನು ಮನೆಯ ಹಿಂದಿನ ಬಿದಿರ ಮೆಳೆಗೆ ಹೋಗಿದ್ದ. ಕತ್ತಿಯ ಸದ್ದು ಬಹಳ ಹೊತ್ತು ಕೇಳಿತು. ನಡುವೆ ಸ್ವಲ್ಪ ನಿಂತಿತು, ದಣಿದಿರಬೇಕು ಎಂದುಕೊಂಡು ನಾನು ಪುಸ್ತಕದ ಪುಟ ತಿರುಗಿಸಿದೆ. ಆಮೇಲೆ ಮತ್ತೆ ಕೇಳಿತು.

"ಕಾರ್ಯ ಮುಗಿದ ಮೇಲೆ ಮನೆ ಬಿಟ್ಟು ಹೋಗು ಅಂತ ಹೋದ ವಾರ ಲಿಂತಿನ್ ಇವಳಿಗೆ ಹೇಳಿದ್ದ" ಎಂದು ಬೊಂಗ್ಗಾ ಹಗ್ಗ ತಂದ. "ಅರವತ್ತು ವರ್ಷದ ಮುದುಕಿ ಎಲ್ಲಿ ಹೋಗ್ತಾಳೆ? ಅದಕ್ಕೇ ಮುಗಿಸಿದಾಳೆ."

ಪಾರೆ ಕೈ ಚಾಚಿದಳು. ಅವಳು ಕೇಳಿದ್ದು ಒಂದೇ: ಪೊಲೀಸರು ಕರೆದುಕೊಂಡು ಹೋದರೆ ಸಂಜೆ ಅಜ್ಜಿಗೆ ಕಾಫಿ ಇಡುವವರು ಯಾರು? ದಾತು ಸೆರಗಿನಿಂದ ಮುಖ ಮುಚ್ಚಿಕೊಂಡಳು. ನಾನು ಕಣಿವೆಯ ಅಂಚಿಗೆ ಹೋಗಿ ಆಚೆ ದಡದವರಿಗೆ ಕೂಗಿ ಹೇಳಿದೆ. ಹಲಗೆ ಹಾಸಿ ಪೊಲೀಸರು ಬರುವುದು ಬೆಳಿಗ್ಗೆಗೇ ಎಂದು ಅವರು ಕೂಗಿದರು. ಬೆಳಿಗ್ಗೆ ಅವರು ಬಂದರೆ ಕಟ್ಟಿದ ಕೈಗಳನ್ನೇ ಮೊದಲು ನೋಡುತ್ತಾರೆ. ಹಿಂದುಮುಂದಿಲ್ಲದ ಹೆಂಗಸಿನ ಪರ ಅಲ್ಲಿಂದ ಮುಂದೆ ಯಾರೂ ಬಾಯಿ ತೆರೆಯುವುದಿಲ್ಲ.

ತಾತ ಹೇಳಿದ: "ಸೂರ್ಯ ಮುಳುಗೋ ತನಕ ನನಗೆ ಬಿಡಿ. ಅಲ್ಲಿ ತನಕ ಯಾರೂ ಅಂಗಳ ದಾಟಬೇಡಿ." ಯಾರೂ ದಾಟುವಂತೆಯೂ ಇರಲಿಲ್ಲ. ಸಾಂಪೆ ಬಿದಿರ ಹೊರೆ ಇಳಿಸಿ, ತಮ್ಮನ ಸುದ್ದಿ ಕೇಳಿ, ಕಣಜದ ಕಂಬ ಹಿಡಿದು ನಿಂತಿದ್ದ. ಒಬ್ಬರು ಇನ್ನೊಬ್ಬರ ಕೈಯನ್ನೇ ನೋಡುತ್ತಿದ್ದರು. ನೀರು ಬೇಕು ಎನ್ನಲೂ ಹೆದರಿಕೆ. ಪುಸ್ತಕಗಳಲ್ಲಿ ಈ ಭಾಗವನ್ನೇ ನಾನು ಎರಡೆರಡು ಸಲ ಓದುತ್ತಿದ್ದೆ. ನನಗೆ ನಾಚಿಕೆಯಾಯಿತು.

ತಾತ ನನ್ನನ್ನು ಕರೆದುಕೊಂಡು ದಕ್ಷಿಣದ ಕೋಣೆಗೆ ಹೋದ. ಹೊಸ್ತಿಲಲ್ಲಿ ನಿಂತು, "ಅಜ್ಜಿ, ಒಳಗೆ ಬರ್ತಾ ಇದೀವಿ, ಬೇಜಾರು ಮಾಡ್ಕೋಬೇಡಿ" ಎಂದ. ನಾನೂ ಹೇಳಿದೆ. ಹೇಳದೆ ಒಳಗೆ ಕಾಲಿಡುವ ಮನುಷ್ಯ ನಮ್ಮ ಬೆಟ್ಟದಲ್ಲಿ ಹುಟ್ಟಿಲ್ಲ, ಕಳ್ಳನಾದರೂ ಹೇಳುತ್ತಾನೆ.

ಕೆಂಪು ಬಟ್ಟೆಯಲ್ಲಿ ದುಂಡಗೆ ಸುತ್ತಿದ ಅಜ್ಜಿ ಮಂದ ಬೆಳಕಿನಲ್ಲಿ ಮಲಗಿದ್ದಳು. ತಲೆಯ ಬಳಿ ತಟ್ಟೆ: ಅನ್ನ, ಒಣಮೀನು, ಆರಿದ ಕಾಫಿ. ತಟ್ಟೆಯ ಅಂಚಿನಲ್ಲಿ ಕುಟ್ಟಿದ ಎಲೆಯಡಿಕೆಯ ಒಂದು ಮುದ್ದೆ. ಅದರ ಪಕ್ಕದಲ್ಲಿ ಮಡಿಸಿದ ಒಂದು ಎಲೆ, ಇನ್ನೂ ಬಾಡಿರಲಿಲ್ಲ. ತಾತ ಅದನ್ನು ಬಿಡಿಸಿದ. ಒಳಗೆ ಸುಣ್ಣ, ಮತ್ತು ಹೆಬ್ಬೆರಳಿನಷ್ಟು ದಪ್ಪದ ಅಡಿಕೆ ಹೋಳು. ಮತ್ತೆ ಹಾಗೆಯೇ ಮಡಿಸಿಟ್ಟ.

ಹಿಂಗೋಡೆಯಲ್ಲಿ ಕೆತ್ತನೆಯ ಸಣ್ಣ ಕಿಟಕಿ. ಬಾಗಿಲು ಮುಚ್ಚಿತ್ತು, ಆದರೆ ಅದನ್ನು ಭದ್ರ ಮಾಡುವ ಮರದ ಗೂಟ ತೂತಿನಲ್ಲಿರದೆ ದಾರದಲ್ಲಿ ಜೋತಾಡುತ್ತಿತ್ತು. ತಾತ ಕಿಟಕಿ ತೆಗೆದು, "ಡುಮಾ, ಹೊರಗೆ ಹೋಗೋಕೆ ನೋಡು" ಎಂದ. ನನ್ನ ತಲೆ ಹೋಯಿತು, ಭುಜ ಸಿಕ್ಕಿಕೊಂಡಿತು. ಹಿಂದಕ್ಕೂ ಬರಲಾಗದೆ ಒದ್ದಾಡಿದೆ. ತಾತ ನನ್ನ ಸೊಂಟ ಹಿಡಿದು ಎಳೆಯುತ್ತ, "ಸ್ವಲ್ಪ ಕಡಿಮೆ ತಿನ್ನು" ಎಂದ. ಕೆಳಗೆ ಬಿದಿರ ಮೆಳೆ ಕಾಣುತ್ತಿತ್ತು.

ಹೊರಗೆ ಬಂದು ಅವನು ಪಾರೆಯನ್ನು ಎರಡೇ ಪ್ರಶ್ನೆ ಕೇಳಿದ. ಮಧ್ಯಾಹ್ನ ತಟ್ಟೆಯಲ್ಲಿ ಏನೇನು ಇಟ್ಟೆ? ಅನ್ನ, ಮೀನು, ಕಾಫಿ, ಹಿತ್ತಾಳೆ ಕೊಳವೆಯಲ್ಲಿ ಕುಟ್ಟಿದ ಎಲೆಯಡಿಕೆ ಎಂದಳು. ಕಿಟಕಿಯ ಗೂಟ ತೆಗೆದೆಯಾ? ಅಜ್ಜಿ ಮಲಗಿದ ಮೇಲೆ ಆ ಕಿಟಕಿ ತೆಗೆದೇ ಇಲ್ಲ, ಗೂಟ ಯಾವಾಗಲೋ ಸವೆದು ಸಡಿಲವಾಗಿದೆ, ಹೊರಗಿನಿಂದ ಗುದ್ದಿದರೆ ಬೀಳುತ್ತದೆ ಎಂದಳು.

"ಊಟಕ್ಕೆ ಕೂತಾಗ ನೀನೇನೋ ಹೇಳಿದೆಯಲ್ಲ, ಸಾಂಪೆಗೆ" ಎಂದು ತಾತ ನೆನಪಿಸಿದ.

ನನಗೂ ನೆನಪಿತ್ತು. ಸಾಂಪೆಗೆ ಅನ್ನ ಬಡಿಸುತ್ತ ಪಾರೆ, "ಪ್ರತಿ ಸಂತೆ ದಿನ ಅಜ್ಜಿ ಕೇಳೋರು, ಸಾಂಪೆ ಕಾಗದ ಬಂತಾ ಅಂತ. ಒಂದು ಗೆರೆ ಬರೀಬಾರದಿತ್ತೇನಪ್ಪ?" ಎಂದಿದ್ದಳು. ಸಾಂಪೆ ಉಣ್ಣುವುದನ್ನು ನಿಲ್ಲಿಸಿ ತಮ್ಮನನ್ನು ನೋಡಿದ್ದ. ಲಿಂತಿನ್ ತಲೆನೋವು, ಮಲಗುತ್ತೇನೆ ಎಂದು ಎದ್ದಿದ್ದ. ಸಾಂಪೆ ಕತ್ತಿ ಎತ್ತಿಕೊಂಡು ಮೆಳೆಯ ಕಡೆ ಹೋಗಿದ್ದ.

ಸೂರ್ಯ ಇಳಿಯುವ ಹೊತ್ತಿಗೆ ತಾತ ಎಲ್ಲರನ್ನೂ ನಡುವಿನ ಕೋಣೆಗೆ ಕರೆದ. ಬಲಕ್ಕೆ ಲಿಂತಿನ್, ಎಡಕ್ಕೆ ತೆರೆದ ಬಾಗಿಲಿನಾಚೆ ಅಜ್ಜಿ, ನಡುವೆ ನಾವು. ಒಲೆಯ ಹೊಗೆ ಮಾಡಿನ ಕೆಳಗೆ ನಿಂತುಬಿಟ್ಟಿತ್ತು. ಸಾಂಪೆ ಒಳಗೆ ಬರಲಿಲ್ಲ. "ಹಂದಿ ಬಂದಿಲ್ಲ, ನಾನು ಅಮ್ಮನ ಮನೆಗೆ ಹೇಗೆ ಬರಲಿ?" ಎಂದು ಏಣಿಯ ಮೇಲಿನ ಮೆಟ್ಟಿಲಿನಲ್ಲೇ ಕೂತ. ತಾತ ಒತ್ತಾಯಿಸಲಿಲ್ಲ.

"ಮೊದಲು ಏಟಿನ ವಿಷಯ" ಎಂದು ತಾತ ಶುರುಮಾಡಿದ. "ಲಿಂತಿನ್ ಕೂತಿದ್ದ ಹಾಗೇ ಸತ್ತಿದಾನೆ. ಹೊರಗಿನೋನು ಕೋಣೆಗೆ ನುಗ್ಗಿದ್ರೆ ಮನುಷ್ಯ ಎದ್ದು ನಿಲ್ತಾನೆ. ಇವನು ಏಳಲಿಲ್ಲ. ಬಂದೋರು ಮನೆಯವರೇ."

"ಅದನ್ನೇ ನಾನೂ ಹೇಳಿದ್ದು" ಎಂದ ಬೊಂಗ್ಗಾ.

"ಹೇಳಿದ್ದೆ. ಇನ್ನು ಡಬ್ಬಿ. ಕೆಂಪು ದಾರದಲ್ಲಿ ಕಟ್ಟಿಟ್ಟಿದ್ದು ಏನೋ ಹೋಗಿದೆ, ಅಂಚೆ ಚೀಟಿ ಚೂರು ಉಳಿದಿದೆ. ಕಾಗದದ ಮಾತು ಬಂದ ಕೂಡಲೇ ಲಿಂತಿನ್‌ಗೆ ತಲೆನೋವು ಬಂತು. ಈ ಮನೆಯಲ್ಲಿ ಸಂತೆಪೇಟೆಗೆ ಹೋಗಿ ಅಂಚೆ ತರ್ತಿದ್ದೋನು ಅವನೊಬ್ಬನೇ. ಓದೋಕೆ ಬರ್ತಿದ್ದದ್ದೂ ಅವನೊಬ್ಬನಿಗೇ. ಪಾರೆಗೆ ಅಕ್ಷರ ಬರಲ್ಲ. ಮನೆ ಬಿಡು ಅಂದಿದ್ದಕ್ಕೆ ಕೊಂದಿದ್ರೆ ಅವಳಿಗೆ ಆ ಡಬ್ಬಿಯಿಂದ ಏನಾಗಬೇಕು? ಕಾಗದದ ಕಂತೆ ತಗೊಂಡು ಏನ್ ಮಾಡ್ತಾಳೆ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಬಾಗಿಲಾಚೆ ಸಾಂಪೆಯ ಕೈ ಅಂಗಿಯ ಎದೆಯ ಮೇಲೆ ಹೋಯಿತು. ಬಹುಶಃ ನಾನೊಬ್ಬನೇ ನೋಡಿದೆ.

"ಆದ್ರೆ ಬಾಗಿಲಿಂದ ಬೇರೆ ಯಾರೂ ಬಂದಿಲ್ವಲ್ಲ" ಎಂದಳು ದಾತು, ಮೆಲ್ಲಗೆ. "ನಾವೇ ನೋಡ್ತಾ ಇದ್ವಿ."

"ನಾವು ಬಾಗಿಲನ್ನ ನಂಬಿದ್ವಿ ಮಗಳೇ. ಡುಮಾನ ಪುಸ್ತಕ ಓದೋರ ಹಾಗೆ. ಅಲ್ಲಿ ಕಿಟಕಿ ಇದೆ. ಡುಮಾಗೆ ಅದು ಸಾಲಲ್ಲ, ನಿನ್ನ ಗಂಡನಿಗೆ ಮೊದಲೇ ಸಾಲಲ್ಲ. ಚಿಕ್ಕಂದಿನಲ್ಲಿ ಅದರಲ್ಲಿ ನುಸುಳಿ ಅಭ್ಯಾಸ ಇದ್ದು, ಇವತ್ತಿಗೂ ಬಿದಿರಿನ ಹಾಗಿರೋನಿಗೆ ಸಾಲುತ್ತೆ. ಬಂದೋನು ಅಜ್ಜಿಯ ಕೋಣೆಗೆ ಇಳಿದ, ಅಜ್ಜಿಯ ಕೋಣೆಯಿಂದಲೇ ಹೋದ. ಹೋಗೋವಾಗ ನಮ್ಮವರು ಯಾರಾದ್ರೂ ಮಾಡೋದನ್ನೇ ಮಾಡ್ದ. ಕಾಯಿಲೆಯವರ ಮುಂದೆ ಬರಿಗೈಲಿ ಎದ್ದು ಹೋಗೋಕಾಗಲ್ಲ. ಒಂದು ಎಲೆ ಮಡಿಸಿ ಇಟ್ಟ. ಕೈಯಲ್ಲಿ ತಮ್ಮನ ರಕ್ತ ಇತ್ತು, ಆದ್ರೂ ಇಟ್ಟ."

ತಾತ ಎದ್ದು ತಟ್ಟೆ ತಂದು ನಮ್ಮ ನಡುವೆ ಇಟ್ಟ. ಎಲೆ ಬಿಡಿಸಿದ. ಅಡಿಕೆ ಹೋಳು ಕಾಣಿಸಿತು.

"ಇದನ್ನ ಪಾರೆ ಇಟ್ಟಿಲ್ಲ. ದಾತು, ಬೊಂಗ್ಗಾ ಇಡಲ್ಲ, ಲಿಂತಿನ್ ಕೂಡ ಇಡ್ತಿರಲಿಲ್ಲ. ಅವರೆಲ್ಲ ಅಜ್ಜಿ ಜೊತೆ ಉಂಡೋರು. ಅಜ್ಜಿಯ ಬಾಯಿ ನಾನು ನೋಡಿದೀನಿ, ನಾನೇ ಸುತ್ತಿದ್ದು. ಒಂದು ಹಲ್ಲೂ ಇರಲಿಲ್ಲ. ಅದಕ್ಕೇ ಪಾರೆ ಇವತ್ತಿಗೂ ಕುಟ್ಟಿ ಕೊಡ್ತಾಳೆ." ತಾತ ಬಾಗಿಲಿನ ಕಡೆ ತಿರುಗಲಿಲ್ಲ. "ಇದನ್ನ ಇಟ್ಟೋನಿಗೆ ಗೊತ್ತಿರೋ ಅಮ್ಮನಿಗೆ ಗಟ್ಟಿ ಹಲ್ಲಿದ್ದವು. ಅವನು ಅವಳನ್ನ ಬಹಳ ವರ್ಷದಿಂದ ನೋಡಿಲ್ಲ. ಒಳಗೆ ಬಾ ಸಾಂಪೆ. ಆಗಲೇ ಬಂದು ಹೋದೋನಿಗೆ ಇನ್ನು ಹಂದಿ ಯಾಕೆ?"

ಒಲೆಯಲ್ಲಿ ಸೌದೆ ಕುಸಿಯಿತು. ಬೊಂಗ್ಗಾ ಹಗ್ಗದ ತುದಿಯನ್ನು ಕೈಬಿಟ್ಟ. ಸಾಂಪೆ ಓಡುತ್ತಾನೆ ಎಂದುಕೊಂಡು ನಾನು ಅರ್ಧ ಎದ್ದೆ. ಅವನು ಹೊಸ್ತಿಲು ದಾಟಿ ಒಳಗೆ ಬಂದು ತಟ್ಟೆಯ ಮುಂದೆ ಕೂತ. ಅಂಗಿಯೊಳಗಿನಿಂದ ಕಾಗದಗಳನ್ನು ತೆಗೆದು ದಾತುವಿನ ಮಡಿಲಿಗೆ ಹಾಕಿದ.

ನಡೆದದ್ದನ್ನು ಅವನೇ ಹೇಳಿದ, ನೆಲ ನೋಡುತ್ತ. ಹಂದಿ ಬರುವ ತನಕ ಕಾಯಲು ಆಗಲಿಲ್ಲ, ಅಮ್ಮನ ಪಕ್ಕ ಒಂದು ಗಳಿಗೆ ಕೂತು ಬರಲು ಕಡಿದ ಬಿದಿರು ಒರಗಿಸಿ ಹತ್ತಿ ಕಿಟಕಿಯಿಂದ ಬಂದ. ಪಾರೆ ಇಳಿದು ಹೋಗಿದ್ದಳು. ಉತ್ತರದ ಕೋಣೆಯಲ್ಲಿ ಕಾಗದದ ಸದ್ದು ಕೇಳಿಸಿತು. ಹೋಗಿ ನೋಡಿದರೆ ಲಿಂತಿನ್‌ನ ತೊಡೆಯ ಮೇಲೆ ತನ್ನದೇ ಬರಹ, ಒಲೆಗೆ ಹಾಕಲು ಬಿಚ್ಚಿದ ಕಂತೆ. ಹದಿನಾಲ್ಕು ವರ್ಷದ ಕಾಗದಗಳು. ಒಂದನ್ನೂ ಅಮ್ಮನಿಗೆ ಓದಿ ಹೇಳಿರಲಿಲ್ಲ.

"ನಾನು ಬರೆದಿದ್ದಕ್ಕೆಲ್ಲ ಅವನದು ಒಂದೇ ಉತ್ತರ" ಎಂದ ಸಾಂಪೆ. "ಅಮ್ಮ ಚೆನ್ನಾಗಿದಾಳೆ, ನಿನ್ನ ಹೆಸರೆತ್ತಿದ್ರೆ ಮುಖ ತಿರುಗಿಸ್ತಾಳೆ, ಬರಬೇಡ. ಯಾಕೆ ಹೀಗೆ ಮಾಡ್ದೆ ಅಂದೆ. ನೀನು ಬಂದಿದ್ರೆ ಈ ಮನೆ ನನ್ನದಾಗ್ತಿತ್ತಾ ಅಂದ. ಕೂತೇ ಹೇಳ್ದ. ಒನಕೆ ಕೈಗೆ ಹೇಗೆ ಬಂತೋ ಗೊತ್ತಿಲ್ಲ. ಆಮೇಲೆ ಅವನ ಮುಖಕ್ಕೆ ಹೊದಿಕೆ ಎಳೆದೆ." ಪಾರೆಯ ಕಟ್ಟಿದ ಕೈ ನೋಡಿ ಮತ್ತೆ ಹೇಳಿದ: "ಇವಳ ಕೈ ಕಟ್ಟಿದಾಗಲೇ ಹೇಳಬೇಕಿತ್ತು. ಹೇಳಲಿಲ್ಲ. ಅದು ನನ್ನ ಎರಡನೇ ತಪ್ಪು."

ಆಮೇಲೆ ಅವನು ತಂಗಿಯ ಕಡೆ ನೋಡಿದ. ನಾನು ಆ ಮುಖವನ್ನು ಮರೆತಿಲ್ಲ.

"ಅಮ್ಮನ ಹಲ್ಲು ಯಾವಾಗ ಹೋಯ್ತು?"

"ಏಳು ವರ್ಷ ಆಯ್ತಣ್ಣ" ಎಂದಳು ದಾತು. "ನೀನು ಒಂದು ಸಲಾನೂ ಕೇಳಲಿಲ್ಲ ಅಂತಿದ್ವಿ ನಾವು."

"ಕೇಳಿದ್ದೆ" ಎಂದ ಸಾಂಪೆ. "ಎಲ್ಲಾ ಕಾಗದದಲ್ಲೂ ಕೇಳಿದ್ದೆ."

ದಾತುವಿಗೂ ಓದಲು ಬರುತ್ತಿರಲಿಲ್ಲ. ಕಾಗದಗಳನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡಳು. ತಾತ ನನಗೆ ಕಣ್ಣಸನ್ನೆ ಮಾಡಿದ. ನಾನು ಅವುಗಳನ್ನು ತೆಗೆದುಕೊಂಡು ದಕ್ಷಿಣದ ಕೋಣೆಯ ಹೊಸ್ತಿಲಲ್ಲಿ ಕೂತು, ಅಜ್ಜಿಗೆ ಕೇಳುವ ಹಾಗೆ, ಮೊದಲನೆಯದರಿಂದ ಓದತೊಡಗಿದೆ.

ಬೊಂಗ್ಗಾ ಪಾರೆಯ ಕೈ ಬಿಚ್ಚಿದ. ಪಾರೆ ಅವನ ಕಡೆ ನೋಡಲೂ ಇಲ್ಲ. ಮಣಿಕಟ್ಟು ಉಜ್ಜಿಕೊಂಡು, ತಟ್ಟೆಯಲ್ಲಿದ್ದ ಮಡಿಸಿದ ಎಲೆಯನ್ನು ಅಡಿಕೆ ಹೋಳಿನ ಸಮೇತ ಹಿತ್ತಾಳೆ ಕೊಳವೆಗೆ ಹಾಕಿದಳು. ಸಾಂಪೆ ಅವಳ ಕೈಯಿಂದ ಕೊಳವೆಯನ್ನು ತೆಗೆದುಕೊಂಡ. ಅವನು ಕುಟ್ಟುವುದನ್ನು ನೋಡಿ ಅವಳು, "ಇನ್ನೂ ಸಣ್ಣಗೆ ಮಾಡಪ್ಪ, ಅಮ್ಮನಿಗೆ ಅಗಿಯೋಕಾಗಲ್ಲ" ಎಂದಳು. ಅವನು ಕತ್ತಲಾಗುವ ತನಕ ಕುಟ್ಟಿದ.